ಹುಸೇನಪ್ಪನ ಹನ್ನೊಂದು ನಿಮಿಷ

ಆರು ವಾರದಲ್ಲಿ ಮೂವತ್ತು ವರ್ಷ.

ಈ ನಾಲ್ಕು ಪದಗಳನ್ನು ಲಿಂಗಸೂಗೂರಿನ ಬಸ್‌ಸ್ಟ್ಯಾಂಡಿನಿಂದ ನಮ್ಮ ಜಾಲಿಗುಡ್ಡದ ಸಂತೆ ಮೈದಾನದವರೆಗೆ ಗೋಡೆ ಸಿಕ್ಕಲ್ಲೆಲ್ಲ ಅಂಟಿಸಿದ್ದರು. ಪಕ್ಕದಲ್ಲಿ ಹಳದಿ ಹೆಲ್ಮೆಟ್ ಹಾಕಿಕೊಂಡ ಹುಡುಗಿಯೊಬ್ಬಳು ನಗುತ್ತಿದ್ದಳು. ಅವಳ ಹೆಲ್ಮೆಟ್ಟಿಗೆ ಒಂದು ಚುಕ್ಕೆ ಕೆಸರು ಹತ್ತಿರಲಿಲ್ಲ. ಅಂಥ ಪೋಸ್ಟರುಗಳನ್ನು ಮಾಡುವವರು ಗಣಿಗೆ ಇಳಿದಿರುವುದಿಲ್ಲ. ಅದನ್ನು ನಂಬಿ ಇಳಿಯುವವರು ನಮ್ಮಂಥವರ ಮನೆಯ ಮಕ್ಕಳು.

ನನ್ನ ಹೆಸರು ನಾಗರತ್ನ. ಆ ಪೋಸ್ಟರಿನ ಹಿಂದಿದ್ದ ಯಂತ್ರಕ್ಕೆ ಪಾಠ ಹೇಳಿದವರಲ್ಲಿ ನಾನೂ ಒಬ್ಬಳು. ಈ ಕಥೆಯಲ್ಲಿ ನಾನು ಹಲವರನ್ನು ಬೈಯುತ್ತೇನೆ. ಆ ಪಟ್ಟಿಯಲ್ಲಿ ನನ್ನ ಹೆಸರೂ ಇದೆ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಆ ಹೊತ್ತಿಗೆ ಗಾಡಿ, ಪಂಪು, ಒಲೆ ಎಲ್ಲವೂ ಕರೆಂಟಿನ ಮೇಲೆ ಓಡತೊಡಗಿ ವರ್ಷಗಳಾಗಿದ್ದವು. ಕರೆಂಟಿಗೆ ತಂತಿ ಬೇಕು, ತಂತಿಗೆ ತಾಮ್ರ ಬೇಕು. ತಾಮ್ರ ನಮ್ಮ ಜಾಲಿಗುಡ್ಡದ ಕೆಳಗೆ ಎಂಟುನೂರು ಮೀಟರ್ ಆಳದಲ್ಲಿ ಬೇಕಾದಷ್ಟು ಇತ್ತು. ಇಲ್ಲದಿದ್ದವರು ಅದನ್ನು ತೆಗೆಯುವ ಜನ. ಗಣಿಯಲ್ಲಿ ಮಾತ್ರವಲ್ಲ, ಸುರಂಗ ಕೊರೆಯುವಲ್ಲಿ, ಅಣೆಕಟ್ಟು ಕಟ್ಟುವಲ್ಲಿ, ಎಲ್ಲ ಕಡೆಯೂ ಇದೇ ಗೋಳು. ನೂರು ಮಂದಿ ಹಳಬರು ನಿವೃತ್ತರಾದರೆ ಹೊಸಬರಾಗಿ ಬರುವವರು ಎಂಟು ಮಂದಿ. ಐಟಿಐಗಳಲ್ಲಿ ಗಣಿ ವಿಭಾಗದ ಬೆಂಚುಗಳ ಮೇಲೆ ಪಾರಿವಾಳ ಕೂತಿರುತ್ತಿದ್ದವು. ಮೂವತ್ತು ವರ್ಷ ಗಣಿಗೆ ದುಡಿದವರನ್ನು ನಮ್ಮ ದೇಶ ಹೇಗೆ ನೋಡಿಕೊಂಡಿತು ಎಂಬುದನ್ನು ಅವರ ಮಕ್ಕಳು ಕಣ್ಣಾರೆ ಕಂಡಿದ್ದರು. ಆದರೂ ಮಕ್ಕಳು ಯಾಕೆ ಬರುತ್ತಿಲ್ಲ ಎಂದು ದೊಡ್ಡವರು ಸಭೆ ಸೇರಿಸಿ ಆಶ್ಚರ್ಯಪಡುತ್ತಿದ್ದರು.

ಯಂತ್ರಗಳನ್ನೂ ಇಳಿಸಿ ನೋಡಿದರು. ಕೊರೆಯಲು, ತುಂಬಲು, ಸಾಗಿಸಲು ಅವು ಸರಿ. ಆದರೆ ಸಿಡಿಮದ್ದು ಹಾರಿಸಿದ ಮೇಲೆ ಹೊಸದಾಗಿ ತೆರೆದ ಜಾಗಕ್ಕೆ ಮೊದಲು ಕಾಲಿಟ್ಟು, ತಲೆಯ ಮೇಲಿನ ಕಲ್ಲು ನಿಲ್ಲುತ್ತದೋ ಬೀಳುತ್ತದೋ ಎಂದು ಹೇಳುವ ಯಂತ್ರ ಯಾವುದೂ ಇರಲಿಲ್ಲ. ಹಾಗೆ ಹೊಸದಾಗಿ ತೆರೆದ ಜಾಗಕ್ಕೆ ನಮ್ಮಲ್ಲಿ ಮುಖ ಎನ್ನುತ್ತಾರೆ, ತಲೆಯ ಮೇಲಿನ ಕಲ್ಲಿಗೆ ಛತ್ತು. ಹಳಬರು ಉದ್ದನೆಯ ಹಾರೆಯಿಂದ ಛತ್ತಿಗೆ ಬಡಿದು ಕಿವಿಗೊಟ್ಟು ಕೇಳುತ್ತಿದ್ದರು. ಗಟ್ಟಿ ಕಲ್ಲು ಟಣ್ ಎನ್ನುತ್ತದೆ. ಒಳಗೆ ಬಿರುಕಿದ್ದದ್ದು ಡಬ್ ಎನ್ನುತ್ತದೆ. ಈ ಎರಡರ ನಡುವೆ ನೂರು ಸದ್ದುಗಳಿವೆ, ಮತ್ತು ಅವನ್ನು ಕಲಿಯಲು ಮೂವತ್ತು ವರ್ಷ ಬೇಕು.

ಆಗ ಬಂದದ್ದು 'ಕೈಗುಣ'.

ಅದೊಂದು ತೋಳು. ಮಣಿಕಟ್ಟಿನಿಂದ ಭುಜದವರೆಗೆ ಬಿಗಿಯಾಗಿ ಕೂರುವ ಬಟ್ಟೆಯ ಒಳಗೆ ಕೂದಲೆಳೆಯಂಥ ತಂತಿಗಳು. ಅನುಭವಸ್ಥನೊಬ್ಬ ಅದನ್ನು ತೊಟ್ಟು ಕೆಲಸ ಮಾಡಿದರೆ ಅವನ ನರ ಯಾವಾಗ ಮಿಡಿಯಿತು, ಯಾವ ಸ್ನಾಯು ಎಷ್ಟು ಬಿಗಿಯಿತು ಎಂಬುದೆಲ್ಲ ದಾಖಲಾಗುತ್ತದೆ. ಅದೇ ದಾಖಲೆಯನ್ನು ಹೊಸಬನ ತೋಳಿನೊಳಗೆ ಸಣ್ಣ ವಿದ್ಯುತ್ ಮಿಡಿತಗಳಾಗಿ ಮತ್ತೆ ಮತ್ತೆ ಹರಿಸಿದರೆ, ಆರು ವಾರದಲ್ಲಿ ಅವನ ಕೈ ಕಲಿತುಬಿಡುತ್ತದೆ. ತಲೆಗೆ ಗೊತ್ತಿಲ್ಲದಿದ್ದರೂ ಕೈಗೆ ಗೊತ್ತಿರುತ್ತದೆ. ಸೈಕಲ್ ಕಲಿತವನು ಬೀಳಬೇಕೆಂದರೂ ಬೀಳುವುದಿಲ್ಲವಲ್ಲ, ಹಾಗೆ.

ನಮ್ಮ ಗಣಿಯಲ್ಲಿ ಯಾರ ಕೈಯನ್ನು ದಾಖಲಿಸಬೇಕು ಎಂಬ ಬಗ್ಗೆ ಎರಡು ಮಾತಿರಲಿಲ್ಲ. ಹುಸೇನಪ್ಪ ಕಾಕಾ ಮೂವತ್ತಾರು ವರ್ಷ ಛತ್ತು ಬಡಿದಿದ್ದ. ಅವನ ಗುಂಪಿನಲ್ಲಿ ಒಬ್ಬರ ಕಾಲಿಗೂ ಕಲ್ಲು ಬಿದ್ದಿರಲಿಲ್ಲ. ನಮ್ಮಪ್ಪ ಅವನ ಗುಂಪಿನಲ್ಲೇ ಇದ್ದವನು. ಕಲ್ಲಿನಿಂದ ಉಳಿದುಕೊಂಡು ಬಂದ ಅಪ್ಪ ಬಾಯಿಯ ಕ್ಯಾನ್ಸರಿನಿಂದ ಸತ್ತ. ಎದ್ದರೆ ಕೂತರೆ ಎಡ ಅಂಗೈಯಲ್ಲಿ ತಂಬಾಕು ಸುಣ್ಣ ಹಾಕಿಕೊಂಡು ಬಲ ಹೆಬ್ಬೆರಳಿನಿಂದ ತಿಕ್ಕುತ್ತಿದ್ದ ಅಪ್ಪನ ಚಿತ್ರ ನನ್ನ ಕಣ್ಣಿನಿಂದ ಹೋಗುವುದಿಲ್ಲ. ನಾನು ಡಿಪ್ಲೊಮಾ ಮುಗಿಸಿದ ವರ್ಷ ಅವನಿಗೆ ಅನ್ನ ನುಂಗಲು ಆಗುತ್ತಿರಲಿಲ್ಲ. ತಂಬಾಕಿನ ವಾಸನೆ ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ.

ಇದನ್ನು ಯಾಕೆ ಹೇಳಿದೆ ಎಂದರೆ, ದಾಖಲೆಗಳನ್ನು ಶುದ್ಧ ಮಾಡುವ ಕೆಲಸ ನನ್ನದಾಗಿತ್ತು.

ಕಾಕಾನದು ಇನ್ನೂರ ಹನ್ನೆರಡು ದಾಖಲೆಗಳು. ಪರದೆಯ ಮೇಲೆ ಕೈ ಹಾರೆ ಹಿಡಿದ ಹೊತ್ತು ಹಸಿರು, ಹಿಡಿಯದ ಹೊತ್ತು ಬೂದು. ಬೂದಿಗೆ ನಿಷ್ಕ್ರಿಯ ಸಮಯ ಎಂದು ಹೆಸರು. ಜೊತೆಗೆ ಹೆಲ್ಮೆಟ್ಟಿನ ಕ್ಯಾಮೆರಾದ ಚಿತ್ರ. ಪ್ರತಿ ದಾಖಲೆಯಲ್ಲೂ ಒಂದೇ ಕ್ರಮ. ಕಾಕಾ ಛತ್ತನ್ನು ಮೂಲೆಯಿಂದ ಮೂಲೆಗೆ ಬಡಿಯುತ್ತಾನೆ. ಸಡಿಲಾದದ್ದನ್ನು ಹಾರೆಯಿಂದ ಕೆಡವುತ್ತಾನೆ. ಆಮೇಲೆ ಹಿಂದಕ್ಕೆ ಬಂದು, ಬೋಲ್ಟು ಹೊಡೆದು ಭದ್ರ ಮಾಡಿದ ಹಳೆಯ ಜಾಗದಲ್ಲಿ ಹಾರೆಯನ್ನು ಗೋಡೆಗೆ ಆನಿಸಿ, ಕುಕ್ಕರಗಾಲಲ್ಲಿ ಕೂತು, ತಂಬಾಕು ತಿಕ್ಕುತ್ತಾನೆ. ಹತ್ತಿರ ಹತ್ತಿರ ಹನ್ನೊಂದು ನಿಮಿಷ. ಮತ್ತೆ ಎದ್ದು ಅದೇ ಛತ್ತನ್ನು ಇನ್ನೊಮ್ಮೆ ಬಡಿಯುತ್ತಾನೆ. ಆಮೇಲೆಯೇ ಉಳಿದವರನ್ನು ಕರೆಯುತ್ತಾನೆ.

ತರಬೇತಿ ವಿಭಾಗದ ಮುಖ್ಯಸ್ಥರು ಅಖಿಲೇಶ್ ಸಾಹೇಬರು. ಬೆಂಗಳೂರಿನಿಂದ ಬಂದವರು, ನಯವಾದ ಮಾತು. ನನ್ನ ಪರದೆಯ ಹಿಂದೆ ನಿಂತು ನೋಡಿದರು.

"ಈ ಬೂದು ಪಟ್ಟಿ ಏನು ನಾಗರತ್ನ?"

"ತಂಬಾಕು ತಿಕ್ತಾರ್ರಿ ಸರ್."

"ಪ್ರತಿ ಸಲ?"

"ಪ್ರತಿ ಸಲಾನೂ ರೀ."

ಅವರು ನಕ್ಕರು. "ಗಣಿಯೊಳಗೆ ತಂಬಾಕು ನಿಷೇಧ. ನಾವು ಹೊಸ ಮಕ್ಕಳಿಗೆ ಅದನ್ನೇ ಕಲಿಸಿದೆವು ಅಂತ ನಾಳೆ ಯಾರಾದರೂ ಬರೆದರೆ? ತೆಗೆದುಬಿಡಿ. ದಿನಕ್ಕೆ ಮೂರು ಶಿಫ್ಟು, ಪ್ರತಿ ಮುಖದಲ್ಲೂ ಹನ್ನೊಂದು ನಿಮಿಷ ಉಳಿಯುತ್ತೆ. ಒಳ್ಳೇದೇ ಆಯ್ತು."

ನಾನು ತೆಗೆದೆ. ಸುಮ್ಮನೆ ತೆಗೆಯಲಿಲ್ಲ, ಸಂತೋಷದಿಂದ ತೆಗೆದೆ. ಅಪ್ಪನ ಬಾಯಿಂದ ತಂಬಾಕನ್ನು ಕಿತ್ತು ಎಸೆದಷ್ಟು ಸಂತೋಷ. ಬೂದು ಪಟ್ಟಿ ಹೋದ ಮೇಲೆ ಎರಡು ಬಡಿತಗಳು ಒಂದರ ಪಕ್ಕ ಒಂದು ಬಂದು ಕೂತವು. ಒಂದೇ ಕೆಲಸ ಎರಡು ಸಲ ಇದೆ ಎಂದು ಗಣಕ ತಾನೇ ಎರಡನೆಯದನ್ನು ಅಳಿಸಿತು. ನಾನು ಸರಿ ಎಂದು ಒತ್ತಿದೆ. ಆ ಹೊತ್ತಿಗೆ ಹುಸೇನಪ್ಪ ಕಾಕಾ ಗಾಜಿನ ಆಚೆ ಬೆಂಚಿನ ಮೇಲೆ ಕೂತು ಸಾಸರಿನಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತಿದ್ದ. ಹತ್ತು ಹೆಜ್ಜೆ ನಡೆದು, ಕಾಕಾ, ಯಾಕೆ ಎರಡು ಸಲ ಬಡಿಯುತ್ತೀ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಓದಿದವರು ಓದದವರನ್ನು ಕೇಳುವ ರೂಢಿ ನಮ್ಮ ಕಡೆ ಇಲ್ಲ.

ದಾಖಲೆ ಮುಗಿದ ದಿನ ಕಾಕಾನಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನಾಳೆಯಿಂದ ಬರುವುದು ಬೇಡ ಎಂದರು. ಕೈ ಸಿಕ್ಕ ಮೇಲೆ ಕೈಯ ಯಜಮಾನ ಯಾಕೆ ಬೇಕು.

ಅದೇ ವಾರ ನನ್ನ ತಂಗಿ ಹುಲಿಗೆಮ್ಮ ಅರ್ಜಿ ಹಾಕಿ ಬಂದಳು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹುಲಿಗಿ ಪೋಸ್ಟರಿನ ಒಂದು ಪ್ರತಿಯನ್ನೇ ಹಿಡಿದುಕೊಂಡು ಒಳಗೆ ಬಂದಳು.

"ನೀ ಗಣಿಗೆ ಇಳೀತಿ ಏನ್ ಬೇ?" ಅವ್ವ ಕೈ ನಿಲ್ಲಿಸಲಿಲ್ಲ.

"ಹೆಣ್ಮಕ್ಕಳನ್ನೂ ತಗೊಳ್ಳಾಕತ್ತಾರ ಅವ್ವ. ಅಪ್ಪನ ಕೆಲಸ. ಆರೇ ವಾರಕ್ಕ ಹುಸೇನಪ್ಪ ಕಾಕಾನ ಕೈ ಬರ್ತದಂತ."

"ಕೈ ಬರ್ತದ. ಮತ್ತ ಉಳದದ್ದು?"

ಹುಲಿಗಿ ನನ್ನತ್ತ ನೋಡಿದಳು. "ಅಕ್ಕನೇ ಮಾಡ್ಯಾಳಲ್ಲ ಆ ಮಶೀನು. ಅಕ್ಕ ಮಾಡಿದ್ದು ಅಂದ ಮ್ಯಾಲ ಅಂಜಿಕಿ ಯಾತರದು?"

ನಾನು ಹೆಮ್ಮೆಯಿಂದ ನಕ್ಕೆ. ಆ ನಗು ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಆರು ವಾರ ಕಳೆಯಿತು. ಹುಲಿಗಿ ಮನೆಗೆ ಬಂದರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಲಟ್ಟಣಿಗೆಯಿಂದ ಗೋಡೆ ಬಡಿದು, "ಇಲ್ಲಿ ಗಿಲಾವು ಎದ್ದೈತಿ" ಎನ್ನುತ್ತಿದ್ದಳು. ಬಡಿದು ನೋಡಿದರೆ ನಿಜವಾಗಿಯೂ ಅಲ್ಲಿನ ಗಾರೆ ಗೋಡೆಯಿಂದ ಬಿಟ್ಟುಕೊಂಡಿರುತ್ತಿತ್ತು. ಅವ್ವ ಅವಳ ಮಣಿಕಟ್ಟಿನ ತಿರುವನ್ನು ನೋಡಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹುಸೇನಪ್ಪನೇ ಅಡುಗೆಮನೆಯಲ್ಲಿ ನಿಂತ ಹಾಗಿದೆ ಎಂದಳು. ಯಂತ್ರ ಸುಳ್ಳಲ್ಲ. ಅದು ಕೊಟ್ಟದ್ದು ಅಪ್ಪಟ ಚಿನ್ನ. ಕೊಡದೆ ಉಳಿಸಿಕೊಂಡದ್ದು ಏನು ಎಂಬುದು ಮಾತ್ರ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಮೊದಲ ತಂಡ ಇಳಿದ ಒಂಬತ್ತನೆಯ ದಿನ ಅಮರೇಶ ಸತ್ತ.

ಗುರುಗುಂಟೆಯ ಕಡೆಯವನು, ಇಪ್ಪತ್ತೆರಡು ವರ್ಷ, ಹುಲಿಗಿಯ ಜೊತೆಯೇ ಕಲಿತವನು. ಬೆಳಗಿನ ಶಿಫ್ಟಿನಲ್ಲಿ ಏಳನೆಯ ಮಟ್ಟದ ಹೊಸ ಮುಖಕ್ಕೆ ಮೊದಲು ಹೋಗಿ ಛತ್ತು ಬಡಿದ. ಅವನ ತೋಳಿನ ದಾಖಲೆಯನ್ನು ಆಮೇಲೆ ನಾನೇ ನೋಡಿದೆ. ಒಂದು ಪೆಟ್ಟೂ ತಪ್ಪಿರಲಿಲ್ಲ. ಸದ್ದು ಗಟ್ಟಿಯಾಗಿತ್ತು. ಬಡಿದು ಮುಗಿದ ಕೂಡಲೆ ಕೊರೆಯುವ ಯಂತ್ರ ತರಲು ಕೈಬೀಸಿ ತಾನು ಮುಂದೆ ಹೋದ. ಐದು ನಿಮಿಷದ ನಂತರ ಮಂಚದಷ್ಟು ದೊಡ್ಡ ಕಲ್ಲೊಂದು ಅವನ ಮೇಲೆ ಬಿತ್ತು.

ಕಂಪನಿಯ ವರದಿ ಮೂರು ಸಾಲಿನದು. ತರಬೇತಿಯಲ್ಲಿ ಲೋಪವಿಲ್ಲ. ಉಪಕರಣದಲ್ಲಿ ಲೋಪವಿಲ್ಲ. ಕಾರ್ಮಿಕನ ಅಜಾಗರೂಕತೆ. ಸತ್ತವನು ಎದ್ದು ಬಂದು ಜಗಳ ಮಾಡುವುದಿಲ್ಲವಲ್ಲ, ತಪ್ಪನ್ನು ಅವನ ತಲೆಯ ಮೇಲೆ ಹೊರಿಸುವುದು ಸುಲಭ. ಆ ಹುಡುಗ ಒಂದು ಪೆಟ್ಟು ತಪ್ಪಲು ಬಯಸಿದ್ದರೂ ಅವನ ಕೈ ಬಿಡುತ್ತಿರಲಿಲ್ಲ ಎಂದು ನಾನು ಬರೆದು ಕೊಟ್ಟ ಹಾಳೆ ಯಾವ ಕಡತದಲ್ಲಿ ಕೊಳೆಯುತ್ತಿದೆಯೋ.

ಅಮರೇಶನ ಮಣ್ಣು ಮುಗಿಸಿಕೊಂಡು ಹುಸೇನಪ್ಪ ಕಾಕಾ ನೇರವಾಗಿ ತರಬೇತಿ ಶೆಡ್ಡಿಗೆ ಬಂದ. ಕಾವಲುಗಾರ ತಡೆದ. ನಾನು ಹೋಗಿ ಒಳಗೆ ಕರೆದುಕೊಂಡು ಬಂದೆ. ಮುಂದಿನ ತಂಡದವರು ಸಾಲಾಗಿ ನಿಂತು ಕಾಂಕ್ರೀಟಿನ ಕೃತಕ ಛತ್ತನ್ನು ಬಡಿಯುತ್ತಿದ್ದರು. ಮೂವತ್ತು ಕೈ, ಮೂವತ್ತೂ ಅವನವೇ. ಕಾಕಾ ಬಹಳ ಹೊತ್ತು ನೋಡಿದ. ಅವರು ಬಡಿದು ಮುಗಿಸಿ, ಹಾರೆ ಕೆಳಗಿಟ್ಟು, ತಕ್ಷಣ ಮುಂದಕ್ಕೆ ನಡೆದರು.

"ಕುಂಡ್ರೂದಿಲ್ಲೇನು ಇವ್ರು?" ಕಾಕಾ ಕೇಳಿದ.

"ಅದು ತಂಬಾಕಿನ ಹೊತ್ತು ಕಾಕಾ. ಅದನ್ನ ತಗದೀವಿ."

ಅವನು ನನ್ನ ಮುಖವನ್ನೇ ನೋಡಿದ. ದನಿ ಎತ್ತಲಿಲ್ಲ. "ನನ್ನ ಕೈ ಕೊಟ್ರಿ ಅವ್ರಿಗೆ. ನನ್ನ ಕುಂಡಿ ಯಾಕ ಕೊಡಲಿಲ್ಲ?"

ನನಗೆ ಅರ್ಥವಾಗಲಿಲ್ಲ. ಅವನು ಹಾರೆಯೊಂದನ್ನು ಎತ್ತಿಕೊಂಡು ಬಿಡಿಸಿ ಹೇಳಿದ. "ಬಡದ ಕೂಡ್ಲೇ ಕಲ್ಲು ಎಲ್ಲಾ ಹೇಳೂದಿಲ್ಲವ್ವ. ಮದ್ದು ಹಾರಿ ಅದರ ಮೈಯೆಲ್ಲ ಅಲಗಾಡಿರತೈತಿ. ಮ್ಯಾಲ ನಾವೂ ಬಡದಿರತೀವಿ. ಅದು ಒಳಗೊಳಗ ಸರಿಯಾಕ ಹೊತ್ತು ಹಿಡಿತೈತಿ. ಈಗ ಟಣ್ ಅಂದದ್ದು ಹತ್ತು ನಿಮಿಷಕ್ಕ ಡಬ್ ಅಂತೈತಿ. ಅದಕ್ಕ ದೂರ ಕುಂತು ಕೇಳಬೇಕು. ಉಸುಕು ಉದರತೈತೇನು, ಚಿಟ್ ಅಂತೈತೇನು. ಆಮ್ಯಾಲ ಎದ್ದು ಮತ್ತ ಬಡೀಬೇಕು. ಬಡಿಯೂದು ಅರ್ಧ ಕೆಲಸ. ಕುಂಡ್ರೂದು ಅರ್ಧ."

"ಮತ್ತ ತಂಬಾಕು?"

"ಸುಮ್ನ ಕುಂತ್ರ ಮೇಸ್ತ್ರಿ ಬೈತಿದ್ದ, ಹಾಜರಿ ಹಾರಸ್ತಿದ್ದ. ತಂಬಾಕು ತಿಕ್ಕಾಕ ಮಾತ್ರ ಯಾವ ಮೇಸ್ತ್ರೀನೂ ಬ್ಯಾಡ ಅಂತಿದ್ದಿಲ್ಲ, ತಾನೂ ಒಂದು ಚಿಟಿಕಿ ಕೇಳತಿದ್ದ. ಅದಕ್ಕ ಹಿರೇರು ಹೊಸಬರಿಗೆ ಮದಲ ತಂಬಾಕು ಕಲಸ್ತಿದ್ರು, ಆಮ್ಯಾಲ ಹಾರಿ. ನಿಮ್ಮಪ್ಪಗ ನಾನೇ ಹಚ್ಚಿದೆ." ಅವನು ಹಾರೆಯನ್ನು ಗೋಡೆಗೆ ಆನಿಸಿದ. "ಅದಾ ಅವನ ಬಾಯಿ ತಿಂತು. ಆದ್ರ ಕಲ್ಲಿನ ಕೆಳಗ ಸಾಯಲಿಲ್ಲವ್ವ."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಹನ್ನೊಂದು ನಿಮಿಷ ಸುಮ್ಮನೆ ಕೂರುವುದಕ್ಕೆ ಒಬ್ಬ ಕೂಲಿಯವನಿಗೆ ನೆಪ ಬೇಕಾಗಿತ್ತು. ಆ ನೆಪಕ್ಕೆ ನಮ್ಮಪ್ಪ ತನ್ನ ಬಾಯಿಯನ್ನೇ ಕೊಟ್ಟಿದ್ದ. ನಾನು ಅವನ ಮಗಳು, ಓದಿದವಳು, ಆ ಹನ್ನೊಂದು ನಿಮಿಷವನ್ನು ಒಂದು ಗುಂಡಿ ಒತ್ತಿ ಅಳಿಸಿದ್ದೆ.

ಅಖಿಲೇಶ್ ಸಾಹೇಬರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಹಳೆಯ ದಾಖಲೆ ಹಾಗೇ ಇದೆ, ಮೂರು ದಿನ ಕೊಡಿ, ಬೂದು ಪಟ್ಟಿಯನ್ನು ಮತ್ತೆ ಸೇರಿಸುತ್ತೇನೆ, ಅಲ್ಲಿಯವರೆಗೆ ಯಾರನ್ನೂ ಹೊಸ ಮುಖಕ್ಕೆ ಇಳಿಸಬೇಡಿ ಎಂದೆ.

"ಒಬ್ಬ ಮುದುಕನ ಮಾತು ಕೇಳಿ ಇಡೀ ಗಣಿ ನಿಲ್ಲಿಸೋದಾ?"

"ಅದಾ ಮುದುಕನ ಕೈ ನಂಬಿ ಇಡೀ ಗಣಿ ನಡಸಾಕತ್ತೀರಲ್ಲ ಸರ್."

ಅವರ ಮುಖ ಬಿಗಿಯಿತು. "ನೋಡಿ, ಮೂರು ತಿಂಗಳ ನಂತರ ಹೊಸ ಆವೃತ್ತಿ ಬರುತ್ತೆ. ನಿಮ್ಮ ಸಲಹೆ ಅದರಲ್ಲಿ ಪರಿಶೀಲಿಸೋಣ. ಈಗ ಹೋಗಿ ಕೆಲಸ ಮಾಡಿ."

ಮರುದಿನ ಬೆಳಗ್ಗೆ ಹುಲಿಗಿ ಬುತ್ತಿ ಕಟ್ಟಿಕೊಳ್ಳುತ್ತಿದ್ದಾಗ ಅವಳ ಎರಡೂ ಭುಜ ಹಿಡಿದುಕೊಂಡು ಹೇಳಿದೆ. ಬಡಿದ ಮೇಲೆ ಹಿಂದಕ್ಕೆ ಬಾ, ಅಪ್ಪ ತಂಬಾಕು ತಿಕ್ಕುತ್ತ ಕೂರುತ್ತಿದ್ದ ಹಾಗೆ ಹನ್ನೊಂದು ನಿಮಿಷ ಕೂಡು, ಮತ್ತೆ ಬಡಿ.

"ಗೊತ್ತಕ್ಕ. ಅಮರೇಶ ಹೋದ ಮ್ಯಾಲ ನಮಗೂ ಕುಂಡ್ರಬೇಕು ಅನ್ನಸ್ತೈತಿ. ಕೈ ಬಿಡೂದಿಲ್ಲ." ಅವಳು ತನ್ನ ಬಲಗೈಯನ್ನು ಬೇರೆಯವರದೆಂಬಂತೆ ನೋಡಿಕೊಂಡಳು. "ಪೆಟ್ಟು ಮುಗೀತು ಅಂದ್ರ ಕೈ ಮುಂದಕ್ಕ ಎಳೀತೈತಿ. ನಿನ್ನೆ ನಿಂದರಾಕ ನೋಡಿದೆ, ತೋಳು ಜುಂ ಅಂತು. ತಪ್ಪು ಮಾಡಾಕತ್ತೀನಂತ ಅದು ನನ್ನ ತಿದ್ದತೈತಿ."

ಮೊದಲ ಮೂರು ತಿಂಗಳು ತೋಳು ತೊಟ್ಟೇ ಕೆಲಸ ಮಾಡಬೇಕೆಂಬ ನಿಯಮವಿತ್ತು. ಕೈ ಕಲಿತ ಕ್ರಮ ಬಿಟ್ಟರೆ ಎಚ್ಚರಿಸುವುದಕ್ಕೆ. ಆ ನಿಯಮವನ್ನು ಬರೆದ ಸಮಿತಿಯಲ್ಲೂ ನಾನಿದ್ದೆ.

"ಇವತ್ತು ಹೋಗಬ್ಯಾಡ ಹುಲಿಗಿ."

"ಹದಿಮೂರು ಮಂದಿ ಇಳೀತಾರ. ನಾ ಒಬ್ಬಾಕಿ ಮನ್ಯಾಗ ಕುಂಡ್ರಲೇನು?" ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಅವ್ವ ಒಲೆಯ ಮುಂದೆ ನಿಂತು ನನ್ನನ್ನು ನೋಡಿದಳು. ಬೈದಿದ್ದರೆ ಒಳ್ಳೆಯದಿತ್ತು.

ನಾನು ನಿಯಂತ್ರಣ ಕೊಠಡಿಗೆ ಓಡಿದೆ. ಹದಿನಾಲ್ಕು ತೋಳುಗಳ ಸಂಕೇತ ಒಂಬತ್ತನೆಯ ಮಟ್ಟದಿಂದ ಕೇಬಲ್ಲಿನಲ್ಲಿ ಹರಿದು ಬರುತ್ತಿತ್ತು. ಹೆಲ್ಮೆಟ್ಟಿನ ಕ್ಯಾಮೆರಾಗಳಲ್ಲಿ ಒದ್ದೆ ಕಲ್ಲು, ದೂಳು, ದೀಪದ ಬೆಳಕು. ಮದ್ದು ಹಾರಿಸಿ ಗಾಳಿ ತಿಳಿಯಾಗಿತ್ತು. ಅದು ದೊಡ್ಡ ಮುಖ, ಹದಿನಾಲ್ಕು ಮಂದಿಯೂ ಸಾಲಾಗಿ ನಿಂತು ಬಡಿಯುತ್ತಿದ್ದರು. ಶಿಫ್ಟ್ ಮ್ಯಾನೇಜರಿಗೆ ಕೈಮುಗಿದು, ಅವರನ್ನು ಹಿಂದಕ್ಕೆ ಕರೆಸಿ ಎಂದೆ. ಸಾಹೇಬರನ್ನು ಕೇಳದೆ ಆಗುವುದಿಲ್ಲ ಎಂದು ಅವರು ಫೋನ್ ಹಿಡಿದು ಹೊರಗೆ ಹೋದರು. ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರು ಫೋನ್ ಹಿಡಿದು ಹೊರಗೆ ಹೋಗುವ ಹೊತ್ತಿನಲ್ಲೇ ನಮ್ಮಲ್ಲಿ ಜನ ಸಾಯುವುದು.

ಪರದೆಯ ಮೇಲೆ ಪೆಟ್ಟುಗಳು ಮುಗಿಯುತ್ತ ಬಂದವು. ಇನ್ನೇನು ಹದಿನಾಲ್ಕು ಕೈಗಳೂ ಮುಂದಕ್ಕೆ ಎಳೆಯುತ್ತವೆ. ನಾನು ಗಣಕದಲ್ಲಿ ಹಳೆಯ ದಾಖಲೆಗಳ ಕಪಾಟು ತೆರೆದೆ. ಕತ್ತರಿಸದೆ ಉಳಿದಿದ್ದ ಕಾಕಾನ ಮೂಲ ದಾಖಲೆ, ಒಂದನೆಯ ಸಂಖ್ಯೆಯದು. ಬಡಿತ ಮುಗಿಯುವ ಜಾಗಕ್ಕೆ ತಂದು, ಹದಿನಾಲ್ಕೂ ತೋಳುಗಳಿಗೆ ಬಿಟ್ಟೆ.

ಹದಿನಾಲ್ಕು ಮಂದಿಯ ಬಲಗೈ ಹಾರೆಯನ್ನು ಗೋಡೆಗೆ ಆನಿಸಿತು. ಎಡಗೈಗೆ ತೋಳಿರಲಿಲ್ಲ. ಆದರೂ ಒಬ್ಬೊಬ್ಬರ ಬಲಗೈ ಹೋಗಿ ಎಡ ಅಂಗೈಯನ್ನು ಹುಡುಕಿತು. ಹೆಬ್ಬೆರಳು ಅಂಗೈಯ ಮೇಲೆ ಕೂತು ತಿಕ್ಕತೊಡಗಿತು. ಇಲ್ಲದ ತಂಬಾಕನ್ನು, ಇಲ್ಲದ ಸುಣ್ಣವನ್ನು, ಭೂಮಿಯ ಹೊಟ್ಟೆಯೊಳಗೆ ನಿಂತು ಹದಿನಾಲ್ಕು ಮಂದಿ ತಿಕ್ಕುತ್ತಿದ್ದರು. ಒಬ್ಬ ಹುಡುಗ ಹೆದರಿ ಕೂಗಿದ್ದು ಕೇಳಿಸಿತು. ತೋಳು ಕೈಯನ್ನು ಮಾತ್ರ ಆಳಬಲ್ಲದು, ಕಾಲನ್ನಲ್ಲ. ಅವರಿನ್ನೂ ಹೊಸ ಛತ್ತಿನ ಕೆಳಗೇ ನಿಂತಿದ್ದರು.

ಹುಲಿಗಿಯ ಕ್ಯಾಮೆರಾದಲ್ಲಿ ಅವಳ ಕೈಗಳು ಕಾಣುತ್ತಿದ್ದವು. ಒಂದು ಕ್ಷಣ ಅವಳು ತನ್ನ ಹೆಬ್ಬೆರಳನ್ನೇ ನೋಡಿದಳು. ಮನೆಯ ಕಟ್ಟೆಯ ಮೇಲೆ, ಎಷ್ಟೋ ಸಾವಿರ ಸಲ ನೋಡಿದ್ದ ಕೈ ಅದು.

"ಇದು ನಮ್ಮಪ್ಪ ಕುಂಡ್ರೂ ಹೊತ್ತು," ಎಂದಳು. "ಎಲ್ಲಾರೂ ಹಿಂದಕ ನಡೀರಿ. ಬೋಲ್ಟಿನ ಕೆಳಗ ಹೋಗಿ ಕುಂಡ್ರಿ. ಯಾರೂ ಏಳಬ್ಯಾಡ್ರಿ."

ಅವರು ಹೋಗಿ ಕೂತರು. ಹದಿನಾಲ್ಕು ಮಂದಿ ಕುಕ್ಕರಗಾಲಲ್ಲಿ, ಅಂಗೈ ತಿಕ್ಕುತ್ತ, ಕಿವಿಗೊಟ್ಟು. ನಾನೂ ಗಡಿಯಾರ ನೋಡುತ್ತ ಕೂತೆ. ಎರಡನೆಯ ನಿಮಿಷ ಏನೂ ಇಲ್ಲ. ನಾಲ್ಕನೆಯ ನಿಮಿಷ ಏನೂ ಇಲ್ಲ. ನಾನು ತಪ್ಪಿದೆನೇನೋ ಅನ್ನಿಸಿತು, ತಪ್ಪಿದ್ದರೂ ಚಿಂತೆಯಿಲ್ಲ ಅನ್ನಿಸಿತು. ಐದನೆಯ ನಿಮಿಷಕ್ಕೆ ಯಾರೋ, "ಉಸುಕು ಉದುರಾಕತ್ತೈತಿ" ಎಂದು ಪಿಸುಗುಟ್ಟಿದರು. ಏಳನೆಯ ನಿಮಿಷಕ್ಕೆ ಅವರು ನಿಂತಿದ್ದ ಜಾಗದ ಛತ್ತು ಪೂರ್ತಿ ಕಳಚಿ ಬಿತ್ತು. ಹದಿನಾಲ್ಕು ಕ್ಯಾಮೆರಾಗಳಲ್ಲೂ ದೂಳೇ ದೂಳು.

ದೂಳು ಇಳಿದಾಗ ಹದಿನಾಲ್ಕು ಕೈಗಳೂ ಇನ್ನೂ ತಿಕ್ಕುತ್ತಿದ್ದವು.

ಆ ಮಧ್ಯಾಹ್ನವೇ ನನ್ನನ್ನು ಕೆಲಸದಿಂದ ತೆಗೆದರು. ಅನುಮತಿಯಿಲ್ಲದೆ ಕಾರ್ಮಿಕರ ದೇಹಕ್ಕೆ ಸಂಕೇತ ಕಳಿಸಿದ ಅಪರಾಧ. ಅದು ಅಪರಾಧವೇ, ನಾನು ಇಲ್ಲವೆನ್ನುವುದಿಲ್ಲ. ಅನುಮತಿ ಪಡೆದು ಅದನ್ನೇ ಆರು ವಾರ ಮಾಡಿದ್ದಕ್ಕೆ ತರಬೇತಿ ಎಂದು ಹೆಸರು.

ಎರಡು ವಾರದ ನಂತರ ವಿಚಾರಣೆ ನಡೆಯಿತು. ಕಂಪನಿಯ ಅತಿಥಿಗೃಹದ ಸಭಾಂಗಣ. ಸುರಕ್ಷತಾ ಇಲಾಖೆಯಿಂದ ಬಂದ ವಯಸ್ಸಾದ ಅಧಿಕಾರಿ ಮೇಜಿನ ಹಿಂದೆ, ಪಕ್ಕದಲ್ಲಿ ಅಖಿಲೇಶ್ ಸಾಹೇಬರು. ಎದುರಿಗೆ ನಾನು, ಹುಲಿಗಿ, ಉಳಿದ ಹದಿಮೂರು ಮಂದಿ, ಅಮರೇಶನ ತಾಯಿ. ಹಿಂದಿನ ಸಾಲಿನಲ್ಲಿ ಹುಸೇನಪ್ಪ ಕಾಕಾ, ಅದೇ ಸನ್ಮಾನದ ಶಾಲು ಹೊದ್ದುಕೊಂಡು.

ಅಖಿಲೇಶ್ ಸಾಹೇಬರು ಚೆನ್ನಾಗಿ ಮಾತಾಡಿದರು. ಅಮರೇಶನ ಸಾವು ದುಃಖದ ಸಂಗತಿ ಎಂದರು. ಒಂಬತ್ತನೆಯ ಮಟ್ಟದಲ್ಲಿ ಜೀವ ಉಳಿದದ್ದು ಸಂತೋಷ, ಆದರೆ ಅದು ಆಕಸ್ಮಿಕ ಎಂದರು. "ಆದರೂ ಕಂಪನಿ ಪಾಠ ಕಲಿತಿದೆ. ಹೊಸ ಆವೃತ್ತಿಯಲ್ಲಿ ಕಾಯುವ ಅವಧಿ ಸೇರಿಸ್ತಿದ್ದೇವೆ. ತೊಂಬತ್ತು ಸೆಕೆಂಡು. ನಮ್ಮ ತಜ್ಞರ ಪ್ರಕಾರ ಅಷ್ಟು ಸಾಕು. ಹನ್ನೊಂದು ನಿಮಿಷ ಯಾರೂ ಸುಮ್ಮನೆ ಕೂರೋಕಾಗಲ್ಲ ಸರ್, ಅದು ಬರೀ ಸೋಮಾರಿತನ."

ಅಮರೇಶನ ತಾಯಿ ತಲೆ ಎತ್ತಲಿಲ್ಲ. ನನಗೆ ಎದ್ದು ಕೂಗಬೇಕೆನ್ನಿಸಿತು. ಹುಲಿಗಿ ನನ್ನ ಮಂಡಿಯ ಮೇಲೆ ಕೈಯಿಟ್ಟು ತಾನು ಎದ್ದಳು.

"ಸಾಹೇಬ್ರ," ಎಂದು ಅಧಿಕಾರಿಗೆ ಹೇಳಿದಳು, "ಆ ಹೊತ್ತಿನಾಗ ನಾವೇನು ಮಾಡತಿದ್ವಿ ಅಂತ ಮಾಡಿ ತೋರಸಲೇನ್ರಿ?"

ಅಧಿಕಾರಿ ತಲೆಯಾಡಿಸಿದರು. ಹುಲಿಗಿ ಮೇಜಿನ ಬಳಿ ಹೋಗಿ ಗೆಣ್ಣಿನಿಂದ ಮೂರು ಪೆಟ್ಟು ಬಡಿದಳು. ಕಾಕಾನದೇ ಪೆಟ್ಟು. ಗೋಡೆಯ ಗಡಿಯಾರ ನೋಡಿದಳು. ಹಿಂದಕ್ಕೆ ಬಂದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು. ಹದಿಮೂರು ಮಂದಿಯೂ ಕುರ್ಚಿಯಿಂದ ಇಳಿದು ಅವಳ ಪಕ್ಕ ಕೂತರು. ಅವರ ಮೈಮೇಲೆ ಆ ಯಂತ್ರದ ತೋಳಿರಲಿಲ್ಲ. ಅಧಿಕಾರಿ ಪೆನ್ನು ಕೆಳಗಿಟ್ಟರು.

ಒಂದು ನಿಮಿಷವಾಯಿತು. ತೊಂಬತ್ತು ಸೆಕೆಂಡು ದಾಟಿತು. ಫ್ಯಾನಿನ ಸದ್ದು, ಹೊರಗೆ ಲಾರಿಯ ಸದ್ದು. ಎರಡನೆಯ ನಿಮಿಷಕ್ಕೆ ಅಖಿಲೇಶ್ ಸಾಹೇಬರು ಕುರ್ಚಿಯಲ್ಲಿ ಹೊರಳಾಡಿದರು. ಮೂರನೆಯ ನಿಮಿಷಕ್ಕೆ ಫೋನ್ ತೆಗೆದು ನೋಡಿ ಮತ್ತೆ ಜೇಬಿಗೆ ಹಾಕಿಕೊಂಡರು. ನಾಲ್ಕನೆಯ ನಿಮಿಷಕ್ಕೆ, "ಇದೇನು ತಮಾಷೆ, ನನಗೆ ಬೇರೆ ಕೆಲಸ ಇದೆ" ಎಂದು ಎದ್ದು ಬಾಗಿಲ ಕಡೆ ನಡೆದರು.

"ಅವತ್ತು ಛತ್ತು ಬಿದ್ದದ್ದು ಏಳನೇ ನಿಮಿಷಕ್ಕ್ರಿ ಸಾಹೇಬ್ರ," ಹುಲಿಗಿ ಕೂತಲ್ಲಿಂದಲೇ ಹೇಳಿದಳು. "ನೀವು ನಾಕನೇ ನಿಮಿಷಕ್ಕ ಅದರ ಕೆಳಗ ಹೋಗಿ ನಿಂತೀರಿ."

ಅಖಿಲೇಶ್ ಸಾಹೇಬರು ಬಾಗಿಲ ಹಿಡಿ ಹಿಡಿದುಕೊಂಡು ನಿಂತರು. ಆಮೇಲೆ ಮೆಲ್ಲಗೆ ತಲೆ ಎತ್ತಿ ಮೇಲೆ ನೋಡಿದರು.

ಹಿಂದಿನ ಸಾಲಿನಿಂದ ಹುಸೇನಪ್ಪ ಕಾಕಾನ ದನಿ ಬಂತು. "ಬರ್ರಿ, ಕುಂಡ್ರಿ. ಇನ್ನೂ ಏಳು ನಿಮಿಷ ಐತಿ."